ಕಪ್ಪಿಯ ಕೊಂಬು

ನಮ್ಮ ಕಡೆ ಚಳಿ ಎಂದರೆ ಒಂದು ಕಂಬಳಿಗೆ, ಒಂದು ಲೋಟ ಬಿಸಿ ಕಾಫಿಗೆ ಮುಗಿದುಹೋಗುವ ವಿಷಯ. ಅಷ್ಟಕ್ಕೇ ನಾವು ಮೂಗು ಒರೆಸಿಕೊಳ್ಳುತ್ತ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತೇವೆ. ಈ ಕಥೆ ನಡೆದ ಸೀಮೆಯಲ್ಲಿ ಚಳಿಗಾಲ ಬಂದರೆ ಸೂರ್ಯನೇ ಮನೆ ಬಿಟ್ಟು ಹೋಗುತ್ತಾನೆ. ವಾರಗಟ್ಟಲೆ ಮುಖ ತೋರಿಸುವುದಿಲ್ಲ.

ಭೂಮಿಯ ಉತ್ತರದ ತುದಿ ಅದು. ಅಲ್ಲಿ ಸಾಮಿ ಎಂಬ ಜನ ಹಿಮಸಾರಂಗಗಳನ್ನು ಸಾಕಿಕೊಂಡಿದ್ದಾರೆ. ನಾವು ದನ ಸಾಕಿದ ಹಾಗಲ್ಲ. ಕೊಟ್ಟಿಗೆ ಇಲ್ಲ, ಗೋದಲಿ ಇಲ್ಲ. ಹಿಂಡು ಹೋದ ಕಡೆ ಜನ ಹೋಗುತ್ತಾರೆ. ಯಾರು ಯಾರನ್ನು ಸಾಕುತ್ತಿದ್ದಾರೆ ಎಂದು ಕೇಳಿದರೆ ಅವರು ನಗುತ್ತಾರೆ.

ಅಲ್ಲಿ, ಹೆಪ್ಪುಗಟ್ಟಿದ ಒಂದು ನದಿಯ ದಂಡೆಯಲ್ಲಿ, ರಿಸ್ತೆನ್ ಎಂಬ ಮುದುಕಿಯ ಗುಡಾರವಿತ್ತು. ಹಿಂಡಿನ ವಿದ್ಯೆಯಲ್ಲಿ ಅವಳನ್ನು ಮೀರಿಸಿದವರಿಲ್ಲ ಎನ್ನುತ್ತಿದ್ದರು. ಅವಳ ಬಾಯಿಂದ ನಾಲ್ಕು ಮಾತು ಹೊರಡಿಸುವುದಕ್ಕಿಂತ ಕಲ್ಲಿನಲ್ಲಿ ನಾರು ತೆಗೆಯುವುದು ಸುಲಭ ಎಂದೂ ಎನ್ನುತ್ತಿದ್ದರು.

ಅವಳ ಬಳಿಗೆ ಶಿಷ್ಯನಾಗಿ ಬಂದವನು ಲೆಮೆತ್. ಕಡಲ ದಂಡೆಯ ಬಂದರಿನವನು. ಮೂವತ್ತು ದಾಟಿದ್ದ. ಮೀನು ಕೊಯ್ದು ಕೊಯ್ದು ಪಳಗಿದ ಕೈ.

ಅವನ ಅಪ್ಪನಿಗೂ ಒಂದು ಕಾಲಕ್ಕೆ ಹಿಂಡು ಇತ್ತು. ಒಂದು ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಸುರಿಯಿತು. ಸುರಿದ ನೀರೆಲ್ಲ ಗಟ್ಟಿಯಾಗಿ ನೆಲಕ್ಕೆ ಗಾಜಿನ ಮುಚ್ಚಳ ಹಾಕಿದ ಹಾಗಾಯಿತು. ಮೇವು ಕೆಳಗೆ, ಬಾಯಿ ಮೇಲೆ. ಹಿಂಡು ಕಣ್ಣೆದುರೇ ಹಸಿದು ಸತ್ತಿತು. ಉಳಿದ ಬೆರಳೆಣಿಕೆಯಷ್ಟನ್ನು ಮಾರಿ ಅಪ್ಪ ಬಂದರು ಸೇರಿದ. ಆಮೇಲೆ ಸಾಯುವವರೆಗೂ, ಚಳಿಗಾಲ ಬಂತೆಂದರೆ ಕಿಟಕಿಯ ಹತ್ತಿರ ಕೂತು, ಇದು ಯಾವಾಗ ಮುಗಿಯುತ್ತದೆ ಎಂದು ಕೇಳುತ್ತಿದ್ದ.

ಆ ಜನರಲ್ಲಿ ಹಿಂಡು ಉಳ್ಳವರಿಗೆಲ್ಲ ಒಂದೊಂದು ಕಿವಿಗುರುತು. ಕರುವಿನ ಕಿವಿಯ ಅಂಚಿನಲ್ಲಿ ಚಾಕುವಿನಿಂದ ಹಾಕುವ ಕಚ್ಚು ಅದು. ಅದನ್ನು ದೂರದಿಂದ ನೋಡಿಯೇ ಇದು ಇಂಥವರ ಸಾರಂಗ ಎಂದು ಹೇಳಿಬಿಡುತ್ತಾರೆ. ಲೆಮೆತ್‌ನ ಅಪ್ಪನ ಗುರುತು ಈಗ ಯಾವ ಕಿವಿಯ ಮೇಲೂ ಉಳಿದಿರಲಿಲ್ಲ.

ಅದನ್ನು ಮತ್ತೆ ಒಂದು ಜೀವಂತ ಕಿವಿಯ ಮೇಲೆ ನೋಡಬೇಕು, ಅಷ್ಟೇ ಅವನ ಆಸೆ. ಅದಕ್ಕಾಗಿಯೇ ಬಂದೆ ಎಂದು ಮುದುಕಿಯ ಮುಂದೆ ಹೇಳಿಕೊಂಡ.

ರಿಸ್ತೆನ್ ಎಲ್ಲ ಕೇಳಿಸಿಕೊಂಡಳು. ಗುಡಾರದಿಂದ ಹೊರಗೆ ಬಂದು ಹಿಂಡಿನ ಅಂಚಿನಲ್ಲಿದ್ದ ಒಂದು ಕಡುಬಣ್ಣದ ಹೆಣ್ಣು ಸಾರಂಗವನ್ನು ತೋರಿಸಿದಳು.

"ಇವಳು ಗಬ್ಬ. ಹಿಮ ಕರಗೋ ಕಾಲಕ್ಕೆ ಇವಳ ಕರು ಎದ್ದು ನಿಂತರೆ, ಅದರ ಕಿವಿ ನಿನ್ನದು. ನಿಲ್ಲದೇ ಹೋದರೆ, ನೀನು ನಿನ್ನ ಮೀನಿಗೆ ವಾಪಸ್ಸು ಹೋಗು."

ಆ ಹೆಣ್ಣಿಗೆ ಅವರ ಮಾತಿನಲ್ಲಿ ಏನೋ ಹೆಸರಿತ್ತು. ನಮ್ಮ ನಾಲಿಗೆಗೆ ಅದು ಹೊರಳುವುದಿಲ್ಲ. ಕಪ್ಪಿ ಎಂದಿಟ್ಟುಕೊಳ್ಳೋಣ.

ಲೆಮೆತ್ ಸಂತೋಷದಿಂದ ಒಪ್ಪಿಕೊಂಡ. ಒಪ್ಪಿಕೊಂಡ ಬಾಯಲ್ಲೇ ಇನ್ನೊಂದು ಮಾತು ಕೇಳಿದ.

"ಅಜ್ಜಿ, ಇಲ್ಲಿ ಚಳಿಗಾಲ ಯಾವಾಗ ಮುಗಿಯುತ್ತೆ?"

ಚಳಿಗಾಲ ಇನ್ನೂ ಶುರುವೇ ಆಗಿರಲಿಲ್ಲ.

"ನನ್ನನ್ನೇನು ಕೇಳ್ತೀಯ," ಎಂದಳು ರಿಸ್ತೆನ್. "ಕಪ್ಪೀನ ಕೇಳು."

*

ಹಿಮ ಬಿತ್ತು. ಒಂದು ಬೆಳಿಗ್ಗೆ ಲೆಮೆತ್ ನೋಡುತ್ತಾನೆ, ಕಪ್ಪಿಯ ಬೆನ್ನ ಮೇಲೆ ಗೇಣುದ್ದ ಹಿಮ ಕೂತಿದೆ. ಪಾಪ, ಎಷ್ಟು ಚಳಿಯೋ ಎಂದುಕೊಂಡ. ಓಡಿಹೋಗಿ ಕೈಯಿಂದ ಎಲ್ಲ ಗುಡಿಸಿ ಹಾಕಿದ. ಮರುದಿನವೂ ಗುಡಿಸಿದ. ತಾಯಿ ಮಗುವಿನ ತಲೆ ಒರೆಸುವಷ್ಟು ಆಸ್ಥೆಯಿಂದ ಒರೆಸಿದ. ಕಪ್ಪಿ ಒಮ್ಮೆ ತಿರುಗಿ ನೋಡಿ ದೂರ ಸರಿಯಿತು.

ರಿಸ್ತೆನ್ ಇದನ್ನು ಕೆಲವು ದಿನ ನೋಡಿದಳು. ಆಮೇಲೆ ಒಂದು ಹಿಡಿ ಹಿಮ ತೆಗೆದು, ಅವನ ಟೋಪಿ ಎತ್ತಿ, ನೆತ್ತಿಯ ಮೇಲೆ ಇಟ್ಟಳು.

ಹಿಮ ಕರಗಿತು. ನೀರು ಕುತ್ತಿಗೆಯಿಂದಿಳಿದು ಬೆನ್ನ ತುಂಬ ಹರಿಯಿತು. ಲೆಮೆತ್ ನಿಂತಲ್ಲೇ ಕುಣಿದ.

"ನಿನ್ನ ಮೇಲೆ ಕರಗಿತು," ಎಂದಳು ಅಜ್ಜಿ. "ಅವಳ ಮೇಲೆ ಕರಗಲಿಲ್ಲ. ಯಾರ ಬಿಸಿ ಸೋರಿ ಹೋಗ್ತಾ ಇದೆ?"

ಆಮೇಲೆ ಅವಳು ಕಪ್ಪಿಯ ಒಂದು ಕೂದಲು ಕಿತ್ತು ಅವನ ಅಂಗೈಗೆ ಹಾಕಿದಳು. ಅದರ ಒಳಗೆ ಜೊಳ್ಳು, ಗಾಳಿ ತುಂಬಿದೆ ಎಂದಳು. ಕೂದಲಿನ ಒಳಗೂ ಗಾಳಿ, ಕೂದಲುಗಳ ನಡುವೆಯೂ ಗಾಳಿ, ಹಾಗಾಗಿ ಒಳಗಿನ ಬಿಸಿ ಹೊರಗಿನ ಹಿಮಕ್ಕೆ ಗೊತ್ತೇ ಆಗುವುದಿಲ್ಲ. ಬೆನ್ನ ಮೇಲಿನ ಹಿಮ ಅವಳಿಗೆ ಇನ್ನೊಂದು ಹೊದಿಕೆ. ನೀನು ದಿನಾ ಬೆಳಿಗ್ಗೆ ಅವಳ ಹೊದಿಕೆ ಎಳೆದು ಹಾಕ್ತಾ ಇದ್ದೆ ಎಂದಳು.

ಲೆಮೆತ್ ನಾಚಿಕೊಂಡ. ಆದರೆ ಮನುಷ್ಯ ಒಂದು ಸಲ ನಾಚಿಕೊಂಡರೆ ಬುದ್ಧಿ ಬಂತು ಎಂದರ್ಥವಲ್ಲ. ಪಾಠದ ಒಂದು ತುದಿ ಹಿಡಿದುಕೊಂಡು ಓಡುವವರೇ ಜಾಸ್ತಿ. ಲೆಮೆತ್ ಅಂಥವರಲ್ಲಿ ಒಬ್ಬ.

*

ಗಂಡು ಸಾರಂಗಗಳು ಚಳಿಗಾಲದ ಬಾಗಿಲಲ್ಲೇ ತಮ್ಮ ದೊಡ್ಡ ಕೊಂಬುಗಳನ್ನು ಉದುರಿಸಿಬಿಡುತ್ತವೆ. ಹೆಣ್ಣಿನ ಕೊಂಬು ಚಿಕ್ಕದು, ಆದರೆ ಅದು ಉಳಿಯುತ್ತದೆ. ಹಿಮದ ಮೇಲೆ ಜಾರುಬಂಡಿ ಎಳೆಯುವ ಸಾರಂಗಗಳ ಕೊಂಬನ್ನಂತೂ ಜನರೇ ಗರಗಸದಿಂದ ಕೊಯ್ದು ಹಾಕುತ್ತಾರೆ, ಹಗ್ಗಕ್ಕೆ ಸಿಕ್ಕಿಕೊಳ್ಳದಿರಲಿ ಎಂದು. ಕೊಂಬು ಬಲಿತ ಮೇಲೆ ಅದರಲ್ಲಿ ಜೀವವಿಲ್ಲ. ನಾವು ಉಗುರು ಕತ್ತರಿಸಿಕೊಂಡ ಹಾಗೆ, ನೋವಾಗುವುದಿಲ್ಲ.

ಲೆಮೆತ್ ಇದನ್ನೆಲ್ಲ ನೋಡಿದ. ನೋಡಿ ಒಂದು ಲೆಕ್ಕ ಹಾಕಿದ. ಗಂಡುಗಳು ಹಗುರಾಗಿ ಓಡಾಡುತ್ತಿವೆ. ಬಂಡಿಯವೂ ಹಗುರಾಗಿವೆ. ಹೊಟ್ಟೆಯಲ್ಲಿ ಕರು ಹೊತ್ತ ಕಪ್ಪಿ ಮಾತ್ರ ತಲೆಯ ಮೇಲೂ ಹೊರೆ ಹೊತ್ತುಕೊಂಡು ಹಿಮ ಕೆರೆಯುತ್ತಿದೆ. ಇದು ಯಾವ ನ್ಯಾಯ?

ರಿಸ್ತೆನ್ ನದಿಯ ಆಚೆಯ ಮೇವು ನೋಡಿ ಬರಲು ಹೋಗಿದ್ದಳು. ಅವಳು ಬರುವುದರೊಳಗೆ ಲೆಮೆತ್ ಕಪ್ಪಿಯನ್ನು ಕಟ್ಟಿ, ಗರಗಸ ತಂದು, ಎರಡೂ ಕೊಂಬನ್ನು ಬುಡದಲ್ಲಿ ನೀಟಾಗಿ ಕೊಯ್ದು ತೆಗೆದ. ಮೀನಿನವನ ಕೈ, ಒಂದು ಹನಿ ರಕ್ತ ಬರಲಿಲ್ಲ. ಕಪ್ಪಿ ತಲೆ ಒದರಿಕೊಂಡು ಹೋಯಿತು. ಲೆಮೆತ್ ಕೊಂಬುಗಳನ್ನು ಗುಡಾರದ ಹಿಂದೆ ಎಸೆದ. ಅಪ್ಪ ಇದ್ದಿದ್ದರೆ ಮೆಚ್ಚುತ್ತಿದ್ದ ಎಂದುಕೊಂಡ.

ಅಜ್ಜಿ ಹಿಂದಿರುಗಿದಳು. ಕಪ್ಪಿಯನ್ನು ನೋಡಿದಳು.

"ಹಗುರಾಯ್ತಾ?"

"ಆಯ್ತು ಅಜ್ಜಿ."

"ಯಾರಿಗೆ?"

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ. ಗುಡಾರದೊಳಗೆ ಹೋಗಿ ಒಲೆಗೆ ಸೌದೆ ಹಾಕಿದಳು.

*

ಕತ್ತಲೆಯ ತಿಂಗಳು ಬಂದಾಗ ಅರ್ಥವಾಯಿತು.

ಆ ಕಾಲದಲ್ಲಿ ಸಾರಂಗಗಳಿಗೆ ಒಂದೇ ಊಟ, ಹಿಮದಡಿಯ ಕಲ್ಲುಹೂವು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಬಳಗದ್ದೇ, ಬೆಳ್ಳಗೆ ಪೊದೆಪೊದೆಯಾಗಿ ನೆಲದ ಮೇಲೆ ಬೆಳೆಯುತ್ತದೆ. ನಾವು ಸಾರಿಗೆ ಒಂದು ಚಿಟಿಕೆ ಹಾಕುತ್ತೇವೆ, ಅವು ಅದನ್ನೇ ಉಂಡು ಚಳಿಗಾಲ ದಾಟುತ್ತವೆ. ಸೊಂಟದುದ್ದ ಹಿಮದ ಅಡಿಯಿಂದಲೂ ಅದರ ವಾಸನೆ ಅವಕ್ಕೆ ಸಿಗುತ್ತದೆ. ಆಮೇಲೆ ಗೊರಸಿನಿಂದ ಕೆರೆದು ಕೆರೆದು ಒಂದು ಗುಂಡಿ ಮಾಡಬೇಕು. ಒಂದು ಗುಂಡಿ ಎಂದರೆ ದೊಡ್ಡ ದುಡಿಮೆ.

ಯಾರೋ ತೋಡಿದ ಗುಂಡಿಗೆ ಬಾಯಿ ಹಾಕುವವರು ಎಲ್ಲ ಕಡೆ ಇರುತ್ತಾರೆ. ದಪ್ಪ ದಪ್ಪ ಗಂಡುಗಳು ಬಂದು ನೂಕುತ್ತವೆ. ಆಗ ಹೆಣ್ಣು ತಲೆ ತಗ್ಗಿಸಿ ಕೊಂಬು ತೋರಿಸುತ್ತದೆ. ಕೊಂಬಿಲ್ಲದ ಗಂಡು ಹಿಂದೆ ಸರಿಯುತ್ತದೆ. ಬೇಸಿಗೆಯೆಲ್ಲ ಕಿರೀಟ ಹೊತ್ತು ಮೆರೆದವನು ಚಳಿಗಾಲದಲ್ಲಿ ಬಸುರಿಗೆ ದಾರಿ ಬಿಡಬೇಕು. ಆ ಲೋಕದ ಏರ್ಪಾಡು ಹಾಗಿದೆ, ನನಗಂತೂ ಬಹಳ ಹಿಡಿಸಿತು.

ಕಪ್ಪಿ ಗುಂಡಿ ತೋಡಿತು. ಒಂದು ಗಂಡು ಬಂದು ನೂಕಿತು. ಕಪ್ಪಿ ತಲೆ ತಗ್ಗಿಸಿತು. ತಲೆಯ ಮೇಲೆ ಏನೂ ಇರಲಿಲ್ಲ.

ಅದು ಇನ್ನೊಂದು ಗುಂಡಿ ತೋಡಿತು. ಅದನ್ನೂ ಬೇರೆಯವು ತಿಂದವು. ದಿನವೆಲ್ಲ ತೋಡುವುದು ಕಪ್ಪಿ, ಉಣ್ಣುವುದು ಉಳಿದವರು. ಪಕ್ಕೆಲುಬು ಕೈಗೆ ಸಿಗತೊಡಗಿತು.

ಲೆಮೆತ್ ಓಡಿ ಬಂದು ಅಜ್ಜಿಯ ಮುಂದೆ ಕುಸಿದ. ನನ್ನಿಂದ ಅನ್ಯಾಯವಾಯಿತು, ಅವಳನ್ನು ಗುಡಾರದೊಳಗೆ ಕಟ್ಟಿಕೊಳ್ಳೋಣ, ನನ್ನ ರೊಟ್ಟಿ ಅವಳಿಗೆ ಹಾಕುತ್ತೇನೆ ಎಂದ. ಅಜ್ಜಿ ಬೇಡ ಎಂದಳು. ಕಲ್ಲುಹೂವಿಗೆ ಒಗ್ಗಿದ ಹೊಟ್ಟೆ ರೊಟ್ಟಿ ತಿಂದರೆ ಕೆಡುತ್ತದೆ, ಒಲೆಯ ಬಿಸಿಗೆ ಆ ಮೈ ಬೆವರಿ ಆಮೇಲೆ ಹೊರಗೆ ಹೆಪ್ಪುಗಟ್ಟುತ್ತದೆ.

ಅವಳು ಎದ್ದು, ಗುಡಾರದ ಹಿಂದೆ ಬಿದ್ದಿದ್ದ ಕೊಂಬುಗಳನ್ನು ತಂದು ಅವನ ಮುಂದೆ ಇಟ್ಟಳು.

"ಇದು ಯಾರದು?"

"ಕಪ್ಪಿಯದು."

"ಮತ್ತೆ ಅವಳ ತಲೆ ಮೇಲೆ ಕೂರುತ್ತಾ?"

"ಇಲ್ಲ ಅಜ್ಜಿ."

"ಹಾಗಾದರೆ ನೀನು ಹೊರು."

*

ಅಂದಿನಿಂದ ಲೆಮೆತ್ ಕಪ್ಪಿಯ ಕೊಂಬಾದ.

ಕಪ್ಪಿ ಗುಂಡಿ ತೋಡಿದಲ್ಲೆಲ್ಲ ಅವನು ನಿಂತ. ಕೈಯಲ್ಲಿ ಎರಡು ಕೊಂಬು. ನೂಕಲು ಬಂದ ಗಂಡಿನ ಮುಂದೆ ಬಗ್ಗಿ ಕೊಂಬು ಅಲ್ಲಾಡಿಸಿದ. ಮೊದಮೊದಲು ಗಂಡುಗಳು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಂದು ಅವನನ್ನೇ ಗುಂಡಿಗೆ ಕೆಡವಿತು. ಆಚೆ ದಂಡೆಯ ಬಿಡಾರದವರು ಇದನ್ನು ನೋಡಿ, ರಿಸ್ತೆನ್ ಎರಡು ಕಾಲಿನ ಸಾರಂಗ ಸಾಕಿದ್ದಾಳೆ ಎಂದು ಬಿದ್ದು ಬಿದ್ದು ನಕ್ಕರು.

ನಗುವಾದರೂ ಸಹಿಸಬಹುದು, ಚಳಿ ಸಹಿಸುವುದು ಹೇಗೆ? ಲೆಮೆತ್ ನಿಂತಲ್ಲಿ ನಿಲ್ಲಲಾರದೆ ಕುಪ್ಪಳಿಸಿದ. ಕೈ ಬಡಿದುಕೊಂಡ. ಗುಂಡಿಯ ಸುತ್ತ ಓಡಿದ. ಓಡಿ ಬೆವರಿದ, ಬೆವರು ತಣ್ಣಗಾಗಿ ಇನ್ನಷ್ಟು ನಡುಗಿದ. ಸಂಜೆಗೆ ಗುಡಾರಕ್ಕೆ ಬಂದು ಬಿದ್ದರೆ ಚಮಚ ಎತ್ತಲೂ ತ್ರಾಣವಿರುತ್ತಿರಲಿಲ್ಲ.

"ಇದು ಯಾವಾಗ ಮುಗಿಯುತ್ತೆ ಅಜ್ಜಿ?" ಎನ್ನುತ್ತಿದ್ದ.

"ಕಪ್ಪೀನ ಕೇಳು," ಎನ್ನುತ್ತಿದ್ದಳು ಅವಳು.

ಒಂದು ದಿನ ಅವಳೇ ಬಂದು ಅವನ ಕುಣಿತ ನೋಡುತ್ತ ನಿಂತಳು.

"ನೀನು ಚಳಿ ಜೊತೆ ಜಗಳ ಆಡ್ತಾ ಇದ್ದೀಯ."

"ಆಡದೆ ಏನು ಮಾಡಲಿ?"

"ಅವಳು ಆಡ್ತಾ ಇದ್ದಾಳಾ, ನೋಡು."

ಲೆಮೆತ್ ನೋಡಿದ. ನಿಜ ಹೇಳಬೇಕೆಂದರೆ, ಕಪ್ಪಿಯನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. ಅಲ್ಲಿಯವರೆಗೆ ಅವನು ನೋಡುತ್ತಿದ್ದುದು ಅಪ್ಪನ ಕಿವಿಗುರುತನ್ನು.

ಕಪ್ಪಿ ಒಂದು ಹೆಜ್ಜೆಯನ್ನೂ ಸುಮ್ಮನೆ ಇಡುತ್ತಿರಲಿಲ್ಲ. ತೋಡುತ್ತಿತ್ತು, ಸ್ವಲ್ಪ ತಿನ್ನುತ್ತಿತ್ತು, ಮಲಗಿ ಅರೆನಿದ್ದೆಯಲ್ಲೇ ಮೆಲುಕು ಹಾಕುತ್ತಿತ್ತು. ಗಾಳಿ ಬೀಸಿದರೆ ಬೆನ್ನು ತಿರುಗಿಸುತ್ತಿರಲಿಲ್ಲ, ಮುಖ ಕೊಟ್ಟು ನಿಲ್ಲುತ್ತಿತ್ತು. ಲೆಮೆತ್‌ನ ಬಾಯಿಂದ ಉಗಿಬಂಡಿಯ ಹಾಗೆ ಹೊಗೆ ಏಳುತ್ತಿದ್ದರೆ ಅದರ ಮೂಗಿನಿಂದ ಏಳುತ್ತಲೇ ಇರಲಿಲ್ಲ ಎನ್ನಬೇಕು. ಹೊರಗೆ ಹೋಗುವ ಉಸಿರಿನ ಬಿಸಿಯನ್ನು ಮೂಗಿನಲ್ಲೇ ಹಿಡಿದುಕೊಂಡು, ಒಳಗೆ ಬರುವ ಉಸಿರಿಗೆ ಕೊಡುತ್ತದೆ ಎಂದಳು ಅಜ್ಜಿ.

ಅವನು ಬಗ್ಗಿ ಅದರ ಮುಂಗಾಲು ಮುಟ್ಟಿದ. ಕಲ್ಲಿನಷ್ಟು ತಣ್ಣಗಿತ್ತು. ಗಾಬರಿಯಾಗಿ ಹೊಟ್ಟೆಯ ಕೆಳಗೆ, ರೋಮದ ಬುಡಕ್ಕೆ ಕೈ ತೂರಿಸಿದ. ಅಲ್ಲಿ ಒಲೆಯ ಪಕ್ಕದ ಬಿಸಿ.

ಕಾಲನ್ನು ತಣ್ಣಗಿರಲು ಬಿಟ್ಟು, ಕರು ಇರುವ ಕಡೆ ಬಿಸಿ ಇಟ್ಟುಕೊಂಡಿದೆ ಎಂದು ಅವನಿಗೆ ಹೊಳೆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಹೇಳುತ್ತೇವೆ. ಹೇಳಿ ಹೇಳಿ ಹಾಸಿಗೆಯಿಂದ ಹೊರಗೇ ಮಲಗುತ್ತೇವೆ. ಅವು ಮಾಡುತ್ತವೆ.

ಆ ಸಂಜೆ ದೀಪ ಹಿಡಿದು ಹೋದಾಗ ಅವನು ಇನ್ನೊಂದು ಸಂಗತಿ ಕಂಡ. ಅವನು ಬಂದ ಹೊಸದರಲ್ಲಿ ದೀಪದ ಬೆಳಕು ಬಿದ್ದರೆ ಕಪ್ಪಿಯ ಕಣ್ಣು ಬಂಗಾರದ ಬಣ್ಣಕ್ಕೆ ಹೊಳೆಯುತ್ತಿತ್ತು. ಈಗ ಕಡುನೀಲಿ. ಕಣ್ಣಿಗೆ ಏನೋ ರೋಗ ಬಂತೆಂದು ಹೆದರಿ ಅಜ್ಜಿಯನ್ನು ಕರೆದ.

ಅಜ್ಜಿ ನಕ್ಕಳು. ಅವಳು ನಕ್ಕದ್ದನ್ನು ಅವನು ಅದೇ ಮೊದಲು ನೋಡಿದ್ದು.

"ಕತ್ತಲೆ ಬಂದರೆ ನಾವು ದೀಪ ಹುಡುಕ್ತೀವಿ. ಇವರು ಕಣ್ಣನ್ನೇ ಬದಲಾಯಿಸಿಕೊಳ್ತಾರೆ."

ಮರುದಿನ ಲೆಮೆತ್ ಕುಣಿಯಲಿಲ್ಲ. ಕಪ್ಪಿಯ ಪಕ್ಕದಲ್ಲಿ, ಗಾಳಿಗೆ ಮುಖ ಕೊಟ್ಟು, ಮೂಗಿನಿಂದ ನಿಧಾನ ಉಸಿರಾಡುತ್ತ ನಿಂತ. ಚಳಿ ಕಡಿಮೆಯಾಗಲಿಲ್ಲ. ಆದರೆ ಸಂಜೆಗೆ ಚಮಚ ಎತ್ತುವಷ್ಟು ತ್ರಾಣ ಉಳಿದಿತ್ತು.

ಕಪ್ಪಿಯ ಪಕ್ಕೆಲುಬಿನ ಮೇಲೆ ನಿಧಾನವಾಗಿ ಮಾಂಸ ಕೂಡಿತು.

*

ಆಮೇಲೆ ಕಡಲ ಕಡೆಯಿಂದ ಬೆಚ್ಚನೆಯ ಗಾಳಿ ಬೀಸಿತು.

ನಮಗೆ ಅದು ಒಳ್ಳೆಯ ಸುದ್ದಿಯ ಹಾಗೆ ಕೇಳಿಸುತ್ತದೆ. ಅಲ್ಲಿಯವರು ಆ ಗಾಳಿಗೆ ನಿದ್ದೆ ಬಿಟ್ಟು ಎದ್ದು ಕೂರುತ್ತಾರೆ. ಮಳೆ ಬಂತು. ಹಿಮದ ಮೇಲೆ ದಿನವೆಲ್ಲ ಸುರಿಯಿತು. ಗಾಳಿ ತಿರುಗಿ ಚಳಿ ಮರಳಿದಾಗ ಸೀಮೆಗೆ ಸೀಮೆಯೇ ಗಾಜಾಯಿತು.

ಕಪ್ಪಿ ಗೊರಸಿನಿಂದ ಹೊಡೆಯಿತು. ಟಣ್ ಎಂದಿತು. ಮತ್ತೆ ಹೊಡೆಯಿತು. ಗೊರಸು ಜಾರಿ ಮಂಡಿಯೂರಿತು.

ಲೆಮೆತ್ ಕೊಡಲಿ ತಂದು ಕಡಿದ. ಅಂಗೈ ಒಡೆದು ರಕ್ತ ಬಂತು. ಮಂಜುಗಡ್ಡೆ ಒಡೆದರೂ ಅಡಿಯ ಕಲ್ಲುಹೂವು ಗಾಜಿನೊಳಗೆ ಸಿಕ್ಕ ಹಾಗೆ ಕೂತಿತ್ತು. ಸುತ್ತ ಹಿಂಡು ತಲೆ ತಗ್ಗಿಸಿ ನಿಂತಿತ್ತು. ಯಾವ ಗಂಡೂ ಯಾರನ್ನೂ ನೂಕಲು ಬರಲಿಲ್ಲ, ನೂಕಿ ಕಿತ್ತುಕೊಳ್ಳಲು ಏನೂ ಇರಲಿಲ್ಲ.

ಇದು ಅಪ್ಪನ ಚಳಿಗಾಲ ಎಂದು ಅವನಿಗೆ ಗೊತ್ತಾಯಿತು.

ಅವನು ಕಪ್ಪಿಯ ಕುತ್ತಿಗೆಗೆ ಹಗ್ಗ ಹಾಕಿದ. ಬಂದರಿನಲ್ಲಿ ಒಣಹುಲ್ಲು ಸಿಗುತ್ತದೆ. ದೂರವೇನೋ ಹೌದು, ದಾರಿಯೂ ಗಾಜು. ಆದರೂ ಇದೊಂದನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿ ಎಳೆದ. ಕಪ್ಪಿ ಬರಲಿಲ್ಲ. ನಾಲ್ಕೂ ಕಾಲು ಊರಿ ನಿಂತಿತು.

ಆ ಮಳೆಯ ಥಂಡಿಗೆ ಕಾಲುನೋವು ಕೆರಳಿ ರಿಸ್ತೆನ್ ಜಾರುಬಂಡಿಯ ಮೇಲೆ ಕೂತಿದ್ದಳು. ಎಲ್ಲಿಗೆ ಎಂದು ಕೇಳಿದಳು. ಅವನು ಹೇಳಿದ.

"ನಿಮ್ಮಪ್ಪ ಏನು ಮಾಡಿದ?"

"ಇದ್ದಲ್ಲೇ ಕೂತು ಕಾದ ಅಜ್ಜಿ. ಇವತ್ತು ಮುಗಿಯುತ್ತೆ, ನಾಳೆ ಮುಗಿಯುತ್ತೆ ಅಂತ."

"ನೀನು?"

"ನಾನು ಕಾಯಲ್ಲ. ಹೊರಟುಹೋಗ್ತೀನಿ."

"ಕಪ್ಪಿ ಏನಂತಾಳೆ?"

ಲೆಮೆತ್ ತಿರುಗಿ ನೋಡಿದ. ಹಗ್ಗದ ತುದಿಯಲ್ಲಿ ಕಪ್ಪಿ ಕುತ್ತಿಗೆ ಉದ್ದ ಮಾಡಿ ಮೂಗು ಎತ್ತಿ ನಿಂತಿತ್ತು. ಕಡಲಿನ ಕಡೆ ಅಲ್ಲ. ಅದರ ವಿರುದ್ಧ ದಿಕ್ಕಿಗೆ, ಒಳನಾಡಿನಿಂದ ಗಾಳಿ ಬರುತ್ತಿದ್ದ ಕಡೆಗೆ. ಆ ಕಡೆ ಅವನ ಕಣ್ಣಿಗೆ ಬಿಳಿಯ ಬಯಲು ಬಿಟ್ಟು ಏನೂ ಕಾಣಲಿಲ್ಲ.

"ಹಗ್ಗ ಬಿಡು," ಎಂದಳು ಅಜ್ಜಿ.

ಬಿಡುವುದು ಸುಲಭವಲ್ಲ. ಹಗ್ಗದ ಆ ತುದಿಯಲ್ಲಿ ಕಪ್ಪಿ ಇತ್ತು, ಕಪ್ಪಿಯ ಹೊಟ್ಟೆಯಲ್ಲಿ ಕರು, ಕರುವಿನ ಕಿವಿಯಲ್ಲಿ ಅವನ ಅಪ್ಪ. ಬಿಟ್ಟರೆ ಆ ಬಿಳುಪಿನಲ್ಲಿ ಎಲ್ಲಿ ಹೋಯಿತೆಂದು ಹುಡುಕುವುದು? ಅವನ ಕಣ್ಣಲ್ಲಿ ನೀರು ಬಂತು. ಬಂದ ನೀರು ರೆಪ್ಪೆಯಲ್ಲೇ ಗಟ್ಟಿಯಾಯಿತು.

"ಹೋಗಿಬಿಟ್ಟರೆ?"

"ಹೋಗ್ಲಿ ಅಂತಾನೇ ಹೇಳ್ತಾ ಇರೋದು. ನೀನು ಹಿಂದೆ ಹೋಗು."

ಲೆಮೆತ್ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದ. ಹಗ್ಗ ಜಾರಿತು.

ಕಪ್ಪಿ ನಡೆಯಿತು. ಚಳಿಗಾಲಕ್ಕೆ ಅದರ ಪಾದದ ಮೆತ್ತೆ ಒಳಗೆ ಕುಗ್ಗಿ ಗೊರಸಿನ ಅಂಚು ಹರಿತವಾಗಿ ಹೊರಬಂದಿತ್ತು. ನಿಧಾನವಾಗಿ ಇಟ್ಟ ಹೆಜ್ಜೆಯನ್ನು ಅದು ಮಂಜುಗಡ್ಡೆಯಲ್ಲಿ ಊರುತ್ತಿತ್ತು. ಇನ್ನೊಂದು ಹೆಣ್ಣು ಅದರ ಹಿಂದೆ ಹೊರಟಿತು. ಆಮೇಲೆ ಮತ್ತೊಂದು. ಆಮೇಲೆ ಹಿಂಡಿಗೆ ಹಿಂಡೇ.

ಲೆಮೆತ್ ಅಜ್ಜಿಯ ಬಂಡಿಗೆ ಸಾರಂಗ ಹೂಡಿ ಹಿಂದೆ ನಡೆದ. ಹಿಮಗಾಳಿ ಎದ್ದಿತು. ಮುಂದಿನ ಸಾರಂಗ ಕಾಣದಾಯಿತು, ಕೊನೆಗೆ ತನ್ನ ಕೈಯೇ ಕಾಣದಾಯಿತು. ಅವನು ಹೆದರಿ ನಿಂತುಬಿಟ್ಟ.

"ಕೇಳು," ಎಂದಿತು ಅಜ್ಜಿಯ ದನಿ.

ಅವನು ಕಿವಿಗೊಟ್ಟ. ಗಾಳಿಯ ಅಡಿಯಲ್ಲಿ ಒಂದು ಸದ್ದು. ಟಿಕ್, ಟಿಕ್, ಟಿಕ್. ಸಾರಂಗ ಹೆಜ್ಜೆ ಇಟ್ಟಾಗಲೆಲ್ಲ ಪಾದದೊಳಗಿನ ನರ ಮೂಳೆಯ ಮೇಲೆ ಜಾರಿ ಮಾಡುವ ಸದ್ದು. ನಮ್ಮಲ್ಲಿ ಬೆರಳು ಮುರಿದರೆ ನೆಟಿಕೆ ಬರುತ್ತದಲ್ಲ, ಹಾಗೆ. ಒಂದೊಂದೂ ಮುಂದಿನದರ ಟಿಕ್ ಕೇಳುತ್ತ, ಹಿಂದಿನದಕ್ಕೆ ತನ್ನ ಟಿಕ್ ಕೇಳಿಸುತ್ತ, ಕುರುಡಾಗಿ ನಡೆಯುತ್ತಿದ್ದವು. ಯಾವುದೂ ಕಳೆದುಹೋಗಲಿಲ್ಲ.

ಲೆಮೆತ್ ಆ ಸದ್ದಿನ ಹಿಂದೆ ನಡೆದ.

ಗಾಳಿ ನಿಂತಾಗ ಅವರು ಮರಗಳ ನಡುವೆ ಇದ್ದರು. ಹಳೆಯ ಕಾಡು. ಕೊಂಬೆ ಕೊಂಬೆಯಿಂದಲೂ ಮುದುಕರ ಗಡ್ಡದ ಹಾಗೆ ಕಲ್ಲುಹೂವು ಜೋತಾಡುತ್ತಿತ್ತು. ಇದು ಮರದ ಮೇಲೆ ಬೆಳೆಯುವ ಜಾತಿ, ನೆಲ ಗಾಜಾದರೆ ಇದಕ್ಕೇನು? ಕಪ್ಪಿ ಆಗಲೇ ಕುತ್ತಿಗೆ ಎತ್ತಿ ಮೇಯುತ್ತಿತ್ತು.

ಕೆಳಗಿನ ಗಡ್ಡ ಬೇಗ ಮುಗಿಯಿತು. ಮೇಲಿನದು ಎಟುಕುತ್ತಿರಲಿಲ್ಲ. ಹಿಂಡು ಮೇಲೆ ನೋಡಿತು, ಲೆಮೆತ್ ತನ್ನ ಕೈಯಲ್ಲಿದ್ದುದನ್ನು ನೋಡಿಕೊಂಡ. ಅಷ್ಟು ದೂರವೂ ಅವನು ಆ ಕೊಂಬುಗಳನ್ನು ಬಿಟ್ಟಿರಲಿಲ್ಲ.

ಅವನು ಮರ ಹತ್ತಿದ. ಕವಲುಗೊಂಬಿನಿಂದ ಕೊಕ್ಕೆ ಹಾಕಿ ಗಡ್ಡ ಎಳೆದು ಕೆಳಗೆ ಉದುರಿಸಿದ. ಮೊದಲು ಕಪ್ಪಿಗೆ. ಆಮೇಲೆ ಎಲ್ಲಕ್ಕೂ. ತನ್ನನ್ನು ಗುಂಡಿಗೆ ಕೆಡವಿದ ಗಂಡು ಬಂದು ಕೆಳಗೆ ನಿಂತಾಗ ಒಂದು ಗಳಿಗೆ ಯೋಚಿಸಿದ. ಅದಕ್ಕೂ ಹಾಕಿದ.

ಆ ಮೇಲಿನ ದಿನಗಳೆಲ್ಲ ಹಾಗೆಯೇ ಹೋದವು. ಮರ ಹತ್ತುವುದು, ಗಡ್ಡ ಇಳಿಸುವುದು, ಕಪ್ಪಿಯ ಪಕ್ಕ ಗಾಳಿಗೆ ಮುಖ ಕೊಟ್ಟು ನಿಲ್ಲುವುದು, ಉಣ್ಣುವುದು, ಮಲಗುವುದು. ಒಂದು ಮಧ್ಯಾಹ್ನ ಮರದ ತುದಿಯಲ್ಲಿದ್ದಾಗ ಬೆಟ್ಟದಂಚಿನಿಂದ ಸೂರ್ಯ ಇಷ್ಟೇ ಇಷ್ಟು ಇಣುಕಿ ಹೋದ. ಲೆಮೆತ್ ನೋಡಿದ, ಕೈಗಳನ್ನು ಉಜ್ಜಿಕೊಂಡು ಮುಂದಿನ ಕೊಂಬೆಗೆ ಕೊಕ್ಕೆ ಹಾಕಿದ.

*

ಹಿಂಡು ತಾನಾಗಿಯೇ ನದಿಯ ದಂಡೆಗೆ ಮರಳಿತು. ಹಿಮ ಇನ್ನೂ ಇತ್ತು, ಆದರೆ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತಿತ್ತು.

ಒಂದು ಬೆಳಿಗ್ಗೆ ಕಪ್ಪಿ ಹಿಂಡು ಬಿಟ್ಟು ಒಂಟಿಯಾಗಿ ದಿಬ್ಬದ ಮರೆಗೆ ಹೋಯಿತು. ಲೆಮೆತ್ ದೂರದಲ್ಲಿ ಕೊಂಬು ಹಿಡಿದು ಕಾವಲು ನಿಂತ. ಹತ್ತಿರ ಹೋಗಲಿಲ್ಲ. ಅಷ್ಟು ಅವನಿಗೆ ಈಗ ಗೊತ್ತಿತ್ತು.

ಕರು ಹಿಮದ ಮೇಲೆ ಬಿತ್ತು. ಒದ್ದೆ, ಕಪ್ಪು, ಕಾಲುಗಳೇ ಜಾಸ್ತಿ. ಕಪ್ಪಿ ನೆಕ್ಕಿತು. ಕರು ಏಳಲು ಹೋಗಿ ಮೂತಿ ಊರಿ ಬಿತ್ತು. ಮತ್ತೆ ಎದ್ದಿತು, ಪಕ್ಕಕ್ಕೆ ಬಿತ್ತು. ಆಮೇಲೆ ಬಹಳ ಹೊತ್ತು ಎದ್ದೇಳಲಿಲ್ಲ. ಲೆಮೆತ್‌ನ ಕಾಲು ಮುಂದೆ ಹೋಗಲು ತವಕಿಸಿತು. ಅವನು ಅದನ್ನು ಊರಿ ನಿಲ್ಲಿಸಿದ.

ಕರು ನಾಲ್ಕೂ ಕಾಲನ್ನು ನಾಲ್ಕು ದಿಕ್ಕಿಗೆ ಚಾಚಿ, ನಡುಗುತ್ತ, ಎದ್ದು ನಿಂತಿತು. ತಾಯಿಯ ಕೆಚ್ಚಲಿಗೆ ಮೂತಿ ಹಾಕಿತು.

ಲೆಮೆತ್ ಕೂತು ಗಟ್ಟಿಯಾಗಿ ಅತ್ತ. ಬಂದರಿನ ಕಿಟಕಿಯ ಬಳಿ ಕೂತಿದ್ದ ಅಪ್ಪನಿಗಾಗಿ ಅತ್ತ. ಸಂತೋಷಕ್ಕೂ ಅತ್ತ. ಎರಡನ್ನೂ ಬೇರೆ ಬೇರೆ ಮಾಡಲು ಅವನಿಗೆ ಆಗಲಿಲ್ಲ.

ಕೆಲವೇ ದಿನಗಳಲ್ಲಿ ಕರು ಹಾಕಿದ ಹೆಣ್ಣುಗಳ ಕೊಂಬುಗಳೆಲ್ಲ ತಾವಾಗಿಯೇ ಉದುರಿದವು. ಅವುಗಳ ಕೆಲಸ ಮುಗಿದಿತ್ತು. ಈಗ ಹಿಂಡಿನಲ್ಲಿ ಕಪ್ಪಿಯೂ ಎಲ್ಲರ ಹಾಗೆಯೇ.

ಲೆಮೆತ್ ತನ್ನ ಕೈಯ ಕೊಂಬುಗಳನ್ನು ನದಿಯ ದಂಡೆಯಲ್ಲಿ ಕೆಳಗಿಟ್ಟ. ಅಷ್ಟು ದಿನ ಹಿಡಿದು ಹಿಡಿದು ಅಂಗೈಯಲ್ಲಿ ಅವುಗಳ ಆಕಾರವೇ ಮೂಡಿತ್ತು. ಕಪ್ಪಿ ಕರುವಿನೊಂದಿಗೆ ಬಂದು ಅವನ್ನು ಮೂಸಿತು. ಆಮೇಲೆ ತನ್ನ ಕೊಂಬಿನ ತುದಿಯನ್ನೇ ಬಾಯಿಗೆ ಹಾಕಿಕೊಂಡು ಕಟಕಟ ಕಡಿಯತೊಡಗಿತು.

ಹಾಲಾಗಬೇಕಲ್ಲ, ಮೂಳೆಯ ಸತ್ವ ಬೇಕು, ಎಂದಳು ಪಕ್ಕದಲ್ಲಿ ಕೂತಿದ್ದ ರಿಸ್ತೆನ್.

"ನಾನು ಅದನ್ನು ಕೊಯ್ದದ್ದು ತಪ್ಪು ಅಜ್ಜಿ."

"ಹೌದು. ತಪ್ಪೇ."

ಅವಳು ಸೊಂಟದಿಂದ ಚಿಕ್ಕ ಚಾಕು ತೆಗೆದು ಅವನ ಕೈಗಿಟ್ಟಳು. ಹಳೆಯದು, ಹಿಡಿ ಸವೆದದ್ದು. ಗುರುತು ಹಾಕುವುದು ನಡುಬೇಸಿಗೆಯಲ್ಲಿ, ಅಷ್ಟರಲ್ಲಿ ಸಾಣೆ ಹಿಡಿದುಕೊ ಎಂದಳು. ಲೆಮೆತ್ ಚಾಕುವನ್ನು ಹಣೆಗೆ ಮುಟ್ಟಿಸಿಕೊಂಡು, ಒಂದು ಕಲ್ಲು ಹುಡುಕಿ, ಅಲ್ಲೇ ಕೂತು ಮಸೆಯತೊಡಗಿದ.

ನದಿಯ ನಡುವೆ ಎಲ್ಲೋ ಮಂಜುಗಡ್ಡೆ ದೊಡ್ಡ ಸದ್ದಿನೊಂದಿಗೆ ಬಿರಿಯಿತು. ಕರು ಬೆಚ್ಚಿ ತಾಯಿಯ ಹೊಟ್ಟೆಯಡಿಗೆ ನುಗ್ಗಿತು. ಲೆಮೆತ್ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಕಲ್ಲಿನ ಮೇಲೆ ಬಾಗಿದ.

ರಿಸ್ತೆನ್ ನದಿಯ ಕಡೆ ಕೈ ತೋರಿಸಿದಳು.

"ಅಂದ ಹಾಗೆ ಲೆಮೆತ್," ಎಂದಳು, "ಚಳಿಗಾಲ ಮುಗಿಯಿತು. ನೀನು ಕೇಳ್ತಾ ಇದ್ದೆಯಲ್ಲ."